ಬೇಗೂರಿನ ಕಲ್ಲು, ಬೀದರಿನ ತಂತಿ

ಚೈತ್ರ ಹುಣ್ಣಿಮೆಯ ರಾತ್ರಿ ಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಟಾಗ ಬಿಚ್ಚುಗತ್ತಿ ಹಿಡಿದ ವೀರಕುಮಾರರು ಅದನ್ನು ಸುತ್ತುವರಿದು ನಡೆಯುತ್ತಾರೆ. ಹಳೆಯ ಬೆಂಗಳೂರಿನಲ್ಲಿ ಕತ್ತಿ ಇನ್ನೂ ಜನರ ಕೈಯಲ್ಲೇ ಉಳಿದಿರುವ ಹೊತ್ತು ಅದು. ಅದೇ ಪೇಟೆಯ ಆಚೀಚೆ, ಬಸವನಗುಡಿ ಚಾಮರಾಜಪೇಟೆಗಳ ಮನೆಗಳಲ್ಲಿ, ಗೋಡೆಗೆ ತೂಗುಹಾಕಲು ಪ್ರತಿಕೃತಿ ಕತ್ತಿ ಬೇಕೆನ್ನುವವರು ಸಾಮಾನ್ಯವಾಗಿ ಕೇಳುವುದು ಟಿಪ್ಪುವಿನ ಕತ್ತಿಯನ್ನು.

ಅದರ ಬೆಡಗೇ ಅಂಥದ್ದು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಮಾರಾಟವಾದ ಟಿಪ್ಪುವಿನ ಕತ್ತಿಯ ಹಿಡಿಯ ತುಂಬ ಚಿನ್ನದ ಅಕ್ಷರಗಳಿವೆ. ಆದರೆ ಅದು 18ನೇ ಶತಮಾನದ ರುಚಿ. ಬೆಂಗಳೂರಿನ ಬಳಿ ಅದಕ್ಕಿಂತ ಬಹಳ ಹಳೆಯ ಮಾದರಿಯಿದೆ: ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿರುವ ಬೇಗೂರಿನ ವೀರಗಲ್ಲು.

ಸುಮಾರು 1,100 ವರ್ಷ ಹಳೆಯ ಈ ಕಲ್ಲು ಗಂಗರ ಎರೆಯಪ್ಪನ ಸಾಮಂತ ನಾಗತ್ತರನದು. ತುಂಬೆಪಾಡಿಯಲ್ಲಿ ವೀರಮಹೇಂದ್ರನ ವಿರುದ್ಧ ಕಾದಾಡಿ ಅವನು ಮಡಿದ. ಆ ಕಾಳಗವನ್ನೇ ಶಿಲ್ಪಿ ಆನೆ, ಕುದುರೆ, ಕಾಲಾಳುಗಳ ಸಮೇತ ಕಡೆದಿದ್ದಾನೆ. ಕತ್ತಿ ಬಡಿಯಲು ಹೊರಟವರು ಮೊದಲು ಅಲ್ಲಿ ನಿಂತು, ಅಲಗಿನ ಉದ್ದವನ್ನು ಯೋಧನ ತೋಳಿಗೆ ಹೋಲಿಸಿ ಅಳತೆ ಹಿಡಿಯಬೇಕು. ಅಗಲವನ್ನು ಮಾತ್ರ ಹಾಗೇ ನಂಬಬಾರದು. ತೆಳು ಅಲಗು ಕಲ್ಲಿನಲ್ಲಿ ಮುರಿದುಬಿಡುತ್ತದೆ, ಶಿಲ್ಪಿ ಅದನ್ನು ದಪ್ಪವಾಗಿಯೇ ಬಿಡಬೇಕಾಗುತ್ತದೆ.

ಇನ್ನು ಉಕ್ಕು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ ಕಡೆಯ ಮೂಸೆ ಉಕ್ಕಿನ ಕುಲುಮೆಗಳನ್ನು ವಿವರವಾಗಿ ಬರೆದಿಟ್ಟ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ ಕಾಯಿಸಿದರೆ ಸೊಪ್ಪುಸೌದೆಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತದೆ. ಜಗತ್ತು ವೂಟ್ಜ್ ಎಂದು ಕರೆದ ಈ ಉಕ್ಕಿನ ಬಗ್ಗೆ ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್ ಅವರು ಶಾರದಾ ಶ್ರೀನಿವಾಸನ್ ಅವರೊಡನೆ 2004ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ನಾಗತ್ತರನ ಕಾಲಕ್ಕೆ ಹೊಂದುವ ಉಲ್ಫ್‌ಬರ್ಟ್ ಎಂಬ ಹೆಸರು ಹೊತ್ತ ಯುರೋಪಿನ ಕತ್ತಿಗಳಲ್ಲಿ ಕೆಲವು ಇಂಥ ಮೂಸೆ ಉಕ್ಕಿನವೇ ಎಂಬುದು ಲೋಹತಜ್ಞ ಅಲನ್ ವಿಲಿಯಮ್ಸ್ ಅವರ ವಾದ. ಅವುಗಳ ಅಲಗಿನ ಮೇಲಿನ ಹೆಸರು ಕಬ್ಬಿಣದ ತಂತಿಯದು. ಕಾದ ಅಲಗಿಗೆ ತಂತಿಯನ್ನು ಬಡಿದು ಬೆಸೆದದ್ದು.

ಬೆಳ್ಳಿ ಕೂರಿಸುವ ಕೆಲಸದ ಹದ ಬೇರೆ. ಅದನ್ನು ಕಲಿಯಲು ಬೀದರಿಗಿಂತ ಒಳ್ಳೆಯ ಊರಿಲ್ಲ. ಬಿದರಿಯ ಕುಶಲಕರ್ಮಿ ಸತು, ತಾಮ್ರ ಬೆರೆತ ಎರಕದ ಮೇಲೆ ಮೈಲುತುತ್ತ ಸವರಿ, ತಾತ್ಕಾಲಿಕವಾಗಿ ಕಪ್ಪಾದ ಮೈಮೇಲೆ ಬಳ್ಳಿ ಗೀರಿ, ಉಳಿಯಿಂದ ಗಾಡಿ, ಅಂದರೆ ಕಿರುಗಾಲುವೆ, ತೆಗೆದು ಬೆಳ್ಳಿ ತಂತಿ ಕೂರಿಸುತ್ತಾನೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿದ ನೀರು ತಾಕಿದರೆ ಎರಕ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಎರಕದಿಂದ ಅಲಗು ಮಾಡಲಾಗದು, ಅದು ಪೆಡಸು. ಕಬ್ಬಿಣದ ಮೇಲೆ ಇದೇ ಕೆಲಸ ಮಾಡುವಾಗ ಗಾಡಿಯ ತಳ ಬಾಯಿಗಿಂತ ಚೂರು ಅಗಲವಾಗಿರಬೇಕು. ಸುತ್ತಿಗೆಯ ಏಟಿಗೆ ಮೆತ್ತಗಿನ ಬೆಳ್ಳಿ ಆ ತಳದೊಳಗೆ ಹರಡಿ, ಮತ್ತೆ ಮೇಲೇಳದಂತೆ ಕಚ್ಚಿಕೊಳ್ಳುತ್ತದೆ. ಉಕ್ಕಿಗೆ ನೀರು ಕುಡಿಸಿದ ಮೇಲೆ ಉಳಿ ಇಳಿಯದು. ಗಾಡಿ ತೆಗೆಯುವುದೆಲ್ಲ ಅದಕ್ಕೆ ಮೊದಲೇ ಮುಗಿಯಬೇಕು.

ಕೋಫ್ತ್‌ಗರಿ ಇನ್ನೊಂದು ದಾರಿ. ಕಬ್ಬಿಣದ ಮೈಯನ್ನು ಅಡ್ಡಡ್ಡ ಗೀರಿ ಒರಟು ಮಾಡಿ, ಮೇಲೆ ಚಿನ್ನದ ಎಳೆ ಬಡಿದು ಉಜ್ಜುವುದು. ಬೇಗ ಆಗುತ್ತದೆ, ಬೇಗ ಸವೆಯುತ್ತದೆ. ಸವೆದ ಕಡೆ ಭೂತಗನ್ನಡಿ ಹಿಡಿದರೆ ಗೀರುಗಳು ಕಾಣುತ್ತವೆ. ನಿಜವಾಗಿ ಕೂರಿಸಿದ ಬೆಳ್ಳಿಯ ಮೇಲೆ ಉಗುರು ಹಾಯಿಸಿದರೆ ಎಲ್ಲೂ ತಡೆಯುವುದಿಲ್ಲ. ಕೊಳ್ಳುವವರು ಇಷ್ಟನ್ನು ನೋಡಿದರೂ ಬಣ್ಣ ಬಳಿದ ನಕಲಿಗೆ ದುಡ್ಡು ಸುರಿಯುವುದು ತಪ್ಪುತ್ತದೆ.

ಕಾನೂನಿನ ಮಾತೂ ಇದೆ. 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಹರಿತ ಅಲಗನ್ನು ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದೇ ಎಣಿಸುತ್ತವೆ. ಅಧಿಸೂಚನೆ ಇರುವ ಕಡೆ ಪರವಾನಗಿ ಬೇಕು. ಗೋಡೆಯ ಕತ್ತಿಗೆ ಸಾಣೆ ಹಿಡಿಯದಿರುವುದೇ ಸರಿ.

ಬೇಗೂರಿನ ಕಲ್ಲು ಅಲಗಿನ ಮೇಲೆ ಕುಸುರಿಯ ಸುಳಿವೇನನ್ನೂ ಕೊಡುವುದಿಲ್ಲ. ನಾಗತ್ತರನ ಕಾಲದ ಕತ್ತಿ ಬೇಕೆಂದು ಮಾಡಿಸುವವರು ಅಲಗನ್ನು ಬೋಳಾಗಿಯೇ ಬಿಡಿಸಲಿ. ಬೆಳ್ಳಿಯ ಆಸೆ ಬಿಡಲಾಗದಿದ್ದರೆ ಹಿಡಿಯ ಮೇಲೆ ಒಂದೆರಡು ಗೆರೆ ಸಾಕು. ಟಿಪ್ಪುವಿನ ಚಿನ್ನದ ಅಕ್ಷರಗಳನ್ನು ಗಂಗರ ಕತ್ತಿಗೆ ಅಂಟಿಸಿ ಕೊಟ್ಟರೆ, ಕೆಲಸ ಎಷ್ಟೇ ನಯವಾಗಿದ್ದರೂ ಕೊಳ್ಳಬೇಡಿ.