ಬುಕಾನನನ ದಿನಚರಿಯ ತಾತ್ಪರ್ಯವಿಚಾರ

ಫ್ರಾನ್ಸಿಸ್ ಬುಕಾನನನು 1800-1801ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳಲ್ಲಿ ಸಂಚರಿಸುತ್ತ ಇಂಗ್ಲಿಷಿನಲ್ಲಿ ಬರೆದಿಟ್ಟ ದಿನಚರಿಯು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಹರಿಹರ, ದಾವಣಗೆರೆಗಳ ಪೂರ್ವಸ್ಥಿತಿಯನ್ನು ಕುರಿತು ಬರೆಯುವವರು ಅದನ್ನು ಪ್ರತ್ಯಕ್ಷಪ್ರಮಾಣವೆಂದೇ ಎತ್ತಿಕೊಳ್ಳುವುದುಂಟು. ಆದರೆ ಆ ಬರಹವು ಯಾರಿಗೆ, ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತೆಂಬುದನ್ನು ನೋಡದೆ ಬೇಕಾದ ವಾಕ್ಯಗಳನ್ನು ಮಾತ್ರ ಕಿತ್ತುಕೊಳ್ಳುವುದು ನ್ಯಾಯವಲ್ಲ. ಉಪಕ್ರಮವನ್ನು ಬಿಟ್ಟು ತಾತ್ಪರ್ಯವನ್ನು ನಿರ್ಣಯಿಸಬಾರದೆಂದು ಮೀಮಾಂಸಕರು ಹೇಳಿರುವುದು ವೇದವಾಕ್ಯಕ್ಕೆ ಮಾತ್ರ ಸಲ್ಲುವ ನಿಯಮವಲ್ಲ.

ಈ ಗ್ರಂಥಕ್ಕೆ ಉಪಕ್ರಮವೆಂದರೆ ಗವರ್ನರ್ ಜನರಲ್ ವೆಲ್ಲೆಸ್ಲಿಯು 1800ನೆಯ ಫೆಬ್ರವರಿ 24ರಂದು ಕೊಟ್ಟ ಆಜ್ಞಾಪತ್ರ. ಟಿಪ್ಪು ಸುಲ್ತಾನನು ಮಡಿದು ಆಗ ವರ್ಷವೂ ತುಂಬಿರಲಿಲ್ಲ. ವ್ಯವಸಾಯವೇ ಪ್ರಧಾನವಿಷಯ, ಬಳಿಕ ಹತ್ತಿ, ಮೆಣಸು, ಗಂಧ, ಏಲಕ್ಕಿ, ಗಣಿಗಳು, ಕೈಕಸಬುಗಳು, ಹವೆ, ಜನರ ಸ್ಥಿತಿಗತಿ. ಇವೆಲ್ಲವನ್ನೂ ವಿಚಾರಿಸಿ ಬರೆಯಬೇಕೆಂದು ವಿಧಿ. ಆದುದರಿಂದ ದಿನಚರಿಯೆಂಬ ಹೆಸರಿದ್ದರೂ ಇದು ಒಬ್ಬನು ತನಗಾಗಿ ಬರೆದುಕೊಂಡುದಲ್ಲ. ಒಡೆಯನಿಗೆ ದಿನದಿನವೂ ಬರೆದು ಮುಗಿಸಿದ ಒಂದು ದೀರ್ಘವಾದ ಕಾಗದ. ಹರಿಹರದ ಶಾಸನದೊಡನೆ ಇದನ್ನು ಹೋಲಿಸಿದರೆ ಭೇದವು ಸ್ಫುಟವಾಗುವುದು. ಪೋಲಾಳ್ವ ದಂಡನಾಥನು ಸುಮಾರು 1224ರಲ್ಲಿ ದೇವಾಲಯವನ್ನು ಕಟ್ಟಿಸಿ ಕಲ್ಲಿನಲ್ಲಿ ಬರೆಯಿಸಿದುದು ಮುಂದೆ ಬರುವವರೆಲ್ಲರಿಗಾಗಿ. ಬುಕಾನನನು ಬರೆದುದು ಕಂಪೆನಿಯವರಿಗಾಗಿ.

1801ರಲ್ಲಿ ಅವನು ದಾವಣಗೆರೆಯನ್ನು ಹಾದುಹೋದನು. ಹೈದರನಿಂದ ಜಹಗೀರು ಪಡೆದ ಅಪ್ಪಾಜಿರಾಮನೆಂಬ ಮರಾಠಾ ಸರದಾರನು ವರ್ತಕರಿಗೆ ಪ್ರೋತ್ಸಾಹವಿತ್ತು ನೆಲೆಗೊಳಿಸಿದುದನ್ನೂ ಅಲ್ಲಿಯ ಕಂಬಳಿಗಳನ್ನೂ ಗುರುತಿಸಿದನು. ಕರೂರಿನಲ್ಲಿ ಕೈಗಾರಿಕಾ ಪ್ರದೇಶವನ್ನು ಹೊಂದಿರುವ ಇಂದಿನ ನಗರದ ಬಾಲ್ಯವು ಈ ಕೆಲವು ಪಂಕ್ತಿಗಳಲ್ಲಿ ಕಾಣುವುದು. ಕಂಬಳಿಯ ಮಾತು ಬಂದುದು ಆಜ್ಞಾಪತ್ರದಲ್ಲಿ ಕೈಕಸಬಿನ ಪ್ರಶ್ನೆಯಿದ್ದುದರಿಂದ. ಕಾವ್ಯದ ಪ್ರಶ್ನೆಯಿರಲಿಲ್ಲ. ಹೀಗಿರಲು ಅವನ ಮೌನದಿಂದ ಆ ಸೀಮೆಯಲ್ಲಿ ವಿದ್ಯೆಯೇ ಇರಲಿಲ್ಲವೆಂದು ಸಾಧಿಸುವುದು ಸಾಹಸವೇ ಸರಿ.

ಇನ್ನೊಂದು ಅಂಶವಿದೆ. ಬುಕಾನನನಿಗೆ ಕನ್ನಡವು ಬಾರದು; ರೈತನ ನುಡಿಯೂ ನೇಕಾರನ ನುಡಿಯೂ ದುಭಾಷಿಯ ಬಾಯಿಂದಲೇ ಅವನ ಲೇಖನಿಗೆ ಇಳಿಯಬೇಕು. ಊರಿನ ಹೆಸರನ್ನು ಅವನು 'ದಾವಣ-ಗಿರಿ' ಎಂದು ಬರೆದಿದ್ದಾನೆ. ಕೆರೆ ಎಂಬುದು ಸಮಾಸದಲ್ಲಿ ಗೆರೆಯಾಗುವುದು ಕನ್ನಡದ ಆದೇಶಸಂಧಿ. ಇಲ್ಲಿ ಬೆಟ್ಟಕ್ಕೆ ಎಡೆಯಿಲ್ಲ. ಇದು ಪರದೇಶಿಯ ಕಿವಿಯ ದೋಷವೋ, ಸಂಸ್ಕೃತವನ್ನು ಬಲ್ಲ ದುಭಾಷಿಯ ತಿದ್ದುಪಡಿಯೋ? ಎರಡನೆಯದಾಗಿದ್ದರೆ ಪಂಡಿತವರ್ಗವು ನಗುವಂತಿಲ್ಲ: ದೇಶ್ಯನಾಮಗಳನ್ನು ಹೀಗೆ 'ಶುದ್ಧಿ' ಮಾಡುವ ಚಪಲವು ಅವರಲ್ಲಿ ಹಳೆಯದು. ಒಂದು ಹೆಸರೇ ಇಷ್ಟು ಮಾರ್ಪಟ್ಟ ಮೇಲೆ ರೈತನ ಬಾಯಿಯ ಲೆಕ್ಕಗಳು ಎಷ್ಟು ಮಾರ್ಪಟ್ಟವೆಂದು ಶಂಕಿಸುವುದು ತಪ್ಪಲ್ಲ.

ಹಾಗೆಂದು ಕಂಪೆನಿಯ ನೌಕರನ ಬರಹವೆಂದು ಗ್ರಂಥವನ್ನೇ ತಳ್ಳಿಹಾಕುವವರ ಪಕ್ಷವೂ ಸಾಧುವಲ್ಲ. ಕಂಬಳಿ ನೇಯುವವನು ತನ್ನ ಕಸಬನ್ನು ತಾನೇ ಬರೆದಿಡಲಿಲ್ಲ. ಬುಕಾನನನು 1807ರಿಂದ ಬಂಗಾಳಪ್ರಾಂತ್ಯದಲ್ಲಿ ನಡೆಸಿದ ಪರಿಶೋಧನೆಯ ಹಸ್ತಪ್ರತಿಗಳು ಬಹುಕಾಲ ಅಚ್ಚಾಗದೆ ಉಳಿದು, 1838ರಲ್ಲಿ ಮಾರ್ಟಿನ್ ಎಂಬವನ ಕತ್ತರಿಗೆ ಸಿಕ್ಕಿ ಹೊರಬಂದವು. ಮೈಸೂರಿನ ದಿನಚರಿಗೆ ಆ ದುರ್ಗತಿ ಒದಗಲಿಲ್ಲ. ಅದು ದಿನಚರಿಯ ರೂಪದಲ್ಲಿಯೇ, ಆಜ್ಞಾಪತ್ರದ ಸಮೇತ, ಅಚ್ಚಾಗಿದೆ. ಅದನ್ನು ಕನ್ನಡಿಸುವವರು ಆ ಪತ್ರವನ್ನು ಮೊದಲು ಕೊಟ್ಟು, 'ದಾವಣ-ಗಿರಿ'ಯನ್ನು ತಿದ್ದದೆ ಇದ್ದಂತೆಯೇ ಇಟ್ಟು, ಟಿಪ್ಪಣಿಯಲ್ಲಿ ದಾವಣಗೆರೆಯೆಂದು ಬರೆಯುವುದು ಯುಕ್ತ.