ಮನೆಯ ಕಲೆ ಮತ್ತು ನೋಡುಗ: ಜಗನ್ಮೋಹನ ಅರಮನೆಯಿಂದ ಮಸಗುಪ್ಪಿ ಸೀಮೆಯವರೆಗೆ

ಮೈಸೂರಿನ ಜಗನ್ಮೋಹನ ಅರಮನೆಯು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ನಿರ್ಮಾಣಗೊಂಡಿತು. 1897ರಲ್ಲಿ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾದ ತರುವಾಯ ರಾಜಮನೆತನಕ್ಕೆ ಇದೇ ವಾಸದ ಮನೆಯಾಯಿತು. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡದ್ದೂ ಇಲ್ಲಿಯೇ. 1915ರಲ್ಲಿ ಇದು ಚಿತ್ರಶಾಲೆಯಾಗಿ ರೂಪುಗೊಂಡಿತು. ರವಿವರ್ಮನ ವರ್ಣಚಿತ್ರಗಳು, ಪಿಂಗಾಣಿ ವಸ್ತುಗಳು, ಗಡಿಯಾರ, ವಾದ್ಯಗಳನ್ನೊಳಗೊಂಡ ಅರಸು ಮನೆತನದ ಸಂಗ್ರಹವು ಜನಸಾಮಾನ್ಯರಿಗೆ ತೆರೆದುಕೊಂಡದ್ದು ನಮ್ಮ ಸಾಂಸ್ಕೃತಿಕ ಇತಿಹಾಸದ ಗಮನಾರ್ಹ ಸಂಗತಿಯಾಗಿದೆ.

ಆದರೆ ಮನೆಯು ಚಿತ್ರಶಾಲೆಯಾಗುವಾಗ ವಸ್ತುವಿನ ಅರ್ಥವೂ ಪಲ್ಲಟಗೊಳ್ಳುತ್ತದೆ. ಊಟದ ತಟ್ಟೆಯು ಗಾಜಿನ ಕಪಾಟು ಸೇರಿದೊಡನೆ ಅದರಲ್ಲಿ ಉಂಡವರು, ಬಡಿಸಿದವರು, ತೊಳೆದವರು ಮರೆಯಾಗುತ್ತಾರೆ. ಅಪರೂಪತೆಯೊಂದೇ ಮೌಲ್ಯವಾಗಿ ಉಳಿಯುತ್ತದೆ. ನೋಡುಗನು ಬೆರಗುಗೊಳ್ಳುತ್ತಾನೆಯೇ ಹೊರತು ಆ ವಸ್ತುವಿನೊಂದಿಗೆ ಸಂಬಂಧ ಬೆಳೆಸಲಾರ. ಇದು ಒಂದು ಸಂಸ್ಥೆಯ ಕೊರತೆಯಲ್ಲ, ಪ್ರದರ್ಶನವೆಂಬ ಕ್ರಮದಲ್ಲಿಯೇ ಅಡಗಿರುವ ಮಿತಿ. ಎಚ್.ಎಲ್. ನಾಗೇಗೌಡರು ರಾಮನಗರದಲ್ಲಿ ಕಟ್ಟಿದ, 1994ರಲ್ಲಿ ಆರಂಭಗೊಂಡ ಜಾನಪದ ಲೋಕವು ಅಡುಗೆಮನೆಯ ಪರಿಕರಗಳಿಗೂ ಸಂಗ್ರಹಾಲಯದ ಗೌರವವನ್ನು ದೊರಕಿಸಿಕೊಟ್ಟಿತು. ಕಲೆಯೆಂದರೆ ಅರಮನೆಯದು ಮಾತ್ರ ಎಂಬ ನಂಬಿಕೆಯನ್ನು ಅದು ಪ್ರಶ್ನಿಸಿತು. ಆದಾಗ್ಯೂ ಬಳಕೆಯಿಂದ ಬೇರ್ಪಟ್ಟ ವಸ್ತುವಿನ ಸಮಸ್ಯೆ ಅಲ್ಲಿಯೂ ಪೂರ್ಣವಾಗಿ ಬಗೆಹರಿಯಲಿಲ್ಲ.

ಈ ಹಿನ್ನೆಲೆಯಲ್ಲಿ ಘಟಪ್ರಭಾ ತೀರದ ಮಸಗುಪ್ಪಿ ಸೀಮೆಯ ಕಡೆಗೆ ನೋಡಬೇಕಾಗುತ್ತದೆ. ಗೋಕಾಕ, ಮೂಡಲಗಿ ಭಾಗದ ಮನೆಗಳಲ್ಲಿ ಹರವಿ, ಕೊಡ, ಗಡಿಗೆ, ಮಗಿಗಳು ಬದುಕಿನ ಅಂಗವಾಗಿದ್ದವು. ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳೂ ಆಷಾಢದ ಮಂಗಳವಾರಗಳಂದು ಗುಲಗಂಜಿಯಿಂದ ಸಿಂಗರಿಸಿದ ಗುಳ್ಳವ್ವನೂ ಇಲ್ಲಿನ ಗೃಹಕಲೆಯ ವಿಶಿಷ್ಟ ರೂಪಗಳು. ಸುಡದ ಹಸಿಮಣ್ಣಿನ ಈ ಕಲೆ ಉಳಿಯುವುದಕ್ಕಾಗಿ ಹುಟ್ಟಿದ್ದಲ್ಲ. ಪೂಜೆಗೊಂಡು, ಕರಗಿ, ಮರುವರ್ಷ ಮತ್ತೆ ಮೂಡುವುದೇ ಅದರ ಧರ್ಮ. ಗಾಜಿನ ಕಪಾಟು ಇದನ್ನು ಹಿಡಿದಿಡಲಾರದು. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಈ ಭಾಗದ ಅನೇಕ ಮಣ್ಣಿನ ಮನೆಗಳು ಕುಸಿದವು. ಅರಮನೆಯ ಪಿಂಗಾಣಿಗೆ ಪಟ್ಟಿಯಿದೆ, ಕಾವಲಿದೆ. ಕುಸಿದ ಪಡಸಾಲೆಯ ಹರವಿಗೆ ಪಟ್ಟಿಯೂ ಇಲ್ಲ.

ಆದುದರಿಂದ ಸಂಗ್ರಹವನ್ನು ಹಂಚಿಕೊಳ್ಳುವುದೆಂದರೆ ಬಾಗಿಲು ತೆರೆಯುವುದಷ್ಟೇ ಅಲ್ಲ. ವಸ್ತುವಿನ ಹೆಸರಿನೊಂದಿಗೆ ಅದನ್ನು ಮಾಡಿದ ಕೈ, ಬಳಸಿದ ಮನೆ, ಆಡುನುಡಿಯ ಪದ ಇವೆಲ್ಲವೂ ದಾಖಲಾಗಬೇಕು. ಕುಂಬಾರರೂ ಗುಳ್ಳವ್ವನನ್ನು ಮಾಡುವ ಹೆಣ್ಣುಮಕ್ಕಳೂ ಸಂಗ್ರಹಾಲಯಕ್ಕೆ ನೋಡುಗರಾಗಿ ಮಾತ್ರವಲ್ಲ, ತಿಳಿದವರಾಗಿ ಬರುವಂತಾಗಬೇಕು. ಅರಮನೆಯ ತಟ್ಟೆಗೂ ಊರಿನ ಮಗಿಗೂ ಮೂಲ ಮಣ್ಣೇ. ಈ ನಂಟನ್ನು ಕಾಣಿಸಬಲ್ಲ ಸಂಗ್ರಹಾಲಯವೇ ನೋಡುಗನಿಗೆ ನಿಜವಾದ ಅರ್ಥದಲ್ಲಿ ತೆರೆದುಕೊಂಡ ಮನೆ ಎನ್ನಿಸಿಕೊಳ್ಳುತ್ತದೆ.