ಗೋಡೆ ಉಳೀತು, ಬೆಳಕು?

ಮುಂಬಯಿ ಲೋವರ್ ಪರೇಲ್‌ನ ಮಥುರಾದಾಸ್ ಮಿಲ್ ಕಾಂಪೌಂಡಿನ ಪಬ್‌ಗಳಿಗೆ ಹೋದವರು ಇಟ್ಟಿಗೆ ಗೋಡೆ, ಕಬ್ಬಿಣದ ತೊಲೆಗಳ ಫೋಟೋ ಹಾಕ್ತಾರೆ. ಆದ್ರೆ ಹಳೇ ಬಟ್ಟೆ ಗಿರಣಿಗಳ ಜೀವ ಇದ್ದದ್ದು ಚಾವಣೀಲಿ. ಗರಗಸದ ಹಲ್ಲಿನಂಥ ಚಾವಣಿ, ಅದರ ಗಾಜು ಉತ್ತರಕ್ಕೆ. ಬಿಸಿಲು ನೇರ ಬೀಳಲ್ಲ, ಬೆಳಕು ಸಮನಾಗಿ ಇಳಿಯುತ್ತೆ. ಹರಿದ ಎಳೆ ಕಾರ್ಮಿಕನ ಕಣ್ಣಿಗೆ ಕಾಣಬೇಕಲ್ಲ! ನಮ್ಮ ಕೊಟ್ಟೂರು ಕಡೆ ಮಾಳಿಗೆ ಮನೆಯ ಬೆಳಕಿಂಡಿಯಲ್ಲೂ ಬೆಳಕು ಇಳಿಯೋದು ಚಾವಣಿಯಿಂದಲೇ. ಮಬ್ಬುಗತ್ತಲೆ ಮಾರೋ ಪಬ್‌ಗೆ ಆ ಗಾಜು ಯಾಕೆ? 1982ರಲ್ಲಿ ಮುಷ್ಕರಕ್ಕಿಳಿದ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರ ನೆನಪಂತೂ ದೂರ. ‘ಟೋಡಿ ಮಿಲ್ ಸೋಷಿಯಲ್’ ಅಂತ ಒಂದು ಪಬ್ಬು ಮಿಲ್ಲಿನ ಹೆಸರನ್ನಾದ್ರೂ ಇಟ್ಕೊಂಡಿದೆ. ಒಡೆದು ಟವರ್ ಎಬ್ಬಿಸೋದಕ್ಕಿಂತ ಇದೇ ವಾಸಿ, ಒಪ್ತೀನಿ. ಹಳೇ ಗಾಜು ಉಳಿದಿರೋ ಕಡೆ ಒಂದು ಮಧ್ಯಾಹ್ನ ದೀಪ ಆರಿಸಿ ಕೂರಿಸಲಿ ನೋಡೋಣ.